ಎಷ್ಟು ಸಾವಿರ ಓಡಿದೆ ಅಂತ ಮಾತ್ರ ಕೇಳಿದರೆ ಸಾಲದು

ಈ ಸಲ ಮಳೆಗಾಲದಲ್ಲಿ ರಜೆಗೆ ಬೆಂಗಳೂರಿಗೆ ಬಂದಾಗ ಮನೆಯವರೆಲ್ಲ ಸೇರಿ ಕುಕ್ಕೆಗೆ ಹೊರಟಿದ್ದೆವು. ಬೆಳಗಿನ ಜಾವ, ಬನಶಂಕರಿಯಲ್ಲಿ ಅಕ್ಕನ ಮನೆ ಮುಂದೆ ಕಾರು ನಿಂತಿತ್ತು. ಚಿತ್ರಾನ್ನದ ಡಬ್ಬಿ, ನೀರಿನ ಕ್ಯಾನು ಎಲ್ಲ ಒಳಗೆ ಸೇರಿತ್ತು. ಹತ್ತುವ ಮುಂಚೆ ನಾನು ಬಗ್ಗಿ ಟೈರ್ ನೋಡಿದೆ. ಪಕ್ಕದಲ್ಲಿ 3415 ಅಂತ ಅಚ್ಚಿತ್ತು. ಅಂದರೆ 2015ರ 34ನೇ ವಾರದಲ್ಲಿ ತಯಾರಾದದ್ದು. ಹೆಬ್ಬೆರಳಿಂದ ಒತ್ತಿದರೆ ರಬ್ಬರಿನಲ್ಲಿ ಸಣ್ಣ ಸಣ್ಣ ಬಿರುಕು ಬಾಯಿ ಬಿಡುತ್ತಿತ್ತು. "ಭಾವ, ಈ ಟೈರ್‌ನಲ್ಲಿ ಶಿರಾಡಿ ಘಾಟಿ ಇಳಿಯೋದು ಬೇಡ" ಅಂದೆ. ಭಾವ ನಕ್ಕುಬಿಟ್ಟರು. "ಬರೀ ಮೂವತ್ತೆಂಟು ಸಾವಿರ ಓಡಿದೆ ಕಣೋ. ಟೈರ್ ಮೇಲಿನ ಬಟನ್ ನೋಡು, ಹೊಸದರ ಥರ ಇದೆ. ಕೆನಡಾಗೆ ಹೋಗಿ ನೀನು ಹೆದರುಪುಕ್ಕಲ ಆಗಿಬಿಟ್ಟೆ." ಅಕ್ಕನೂ ನಕ್ಕಳು. ನಾನು ಹಟ ಮಾಡಿ ಟ್ಯಾಕ್ಸಿ ಕರೆಸಿದೆ, ಹೋಗಿ ಬಂದೆವು. ಆದರೆ ಆ ಮಾತು ದಾರಿಯುದ್ದಕ್ಕೂ ಚುಚ್ಚುತ್ತಲೇ ಇತ್ತು.

ಅದು ಹೆದರಿಕೆಯಲ್ಲ. ಟೈರನ್ನು ಹೇಗೆ ನೋಡಬೇಕು ಅನ್ನುವುದರಲ್ಲೇ ಎರಡು ಊರಿಗೂ ವ್ಯತ್ಯಾಸ ಇದೆ. ಬೆಂಗಳೂರಿನಲ್ಲಿ ಟೈರ್ ಮಾತು ಬಂದರೆ ಒಂದೇ ಪ್ರಶ್ನೆ, ಎಷ್ಟು ಸಾವಿರ ಓಡಿದೆ? ಮೂವತ್ತು ಅಂದರೆ ಇನ್ನೂ ಹೊಸದು. ನಲವತ್ತು ಅಂದರೆ ಇನ್ನೊಂದು ಹತ್ತು ಓಡುತ್ತೆ ಬಿಡಿ. ಪೂರ್ತಿ ಬೋಳಾಗಿ ಮಳೆಯಲ್ಲಿ ಒಮ್ಮೆ ಜಾರಿದ ಮೇಲೆ ಅಂಗಡಿ ನೆನಪಾಗುತ್ತದೆ. ನಾನಿರುವ ಮಾಂಟ್ರಿಯಲ್‌ನಲ್ಲಿ ಇನ್ನೆರಡು ಪ್ರಶ್ನೆ ಕೇಳುತ್ತಾರೆ. ಬಟನ್, ಅಂದರೆ ಟೈರ್ ಮೇಲಿನ ಉಬ್ಬು ಅಚ್ಚು, ಎಷ್ಟು ಮಿಲಿಮೀಟರ್ ಉಳಿದಿದೆ? ಯಾವ ವರ್ಷದ್ದು? ಕಿಲೋಮೀಟರ್ ಲೆಕ್ಕ ಅದಾದ ಮೇಲೆ ಬರುತ್ತದೆ.

ಅಲ್ಲಿ ಬೇರೆ ದಾರಿಯೂ ಇಲ್ಲ. ಮಾಂಟ್ರಿಯಲ್ ಇರುವ ಕ್ವಿಬೆಕ್ ಪ್ರಾಂತ್ಯದಲ್ಲಿ 2008ರಿಂದ ಚಳಿಗಾಲದ ಟೈರ್ ಕಡ್ಡಾಯ. ಈಗ ಡಿಸೆಂಬರ್ 1ರಿಂದ ಮಾರ್ಚ್ 15ರ ತನಕ ಅದಿಲ್ಲದೆ ರಸ್ತೆಗೆ ಇಳಿದರೆ ದಂಡ. ಹಾಗಾಗಿ ಜಾಸ್ತಿ ಜನ ಎರಡು ಸೆಟ್ ಇಟ್ಟುಕೊಂಡು ವರ್ಷಕ್ಕೆ ಎರಡು ಸಲ ಬದಲಾಯಿಸುತ್ತಾರೆ. ನನಗೆ ಆ ತಾಪತ್ರಯ ಬೇಡ ಅನಿಸಿತು, ವರ್ಷವಿಡೀ ಒಂದೇ ಸೆಟ್ ಸಾಕಾಗುವ ಆಲ್-ವೆದರ್ ಟೈರ್ ಹಾಕಿಸಿಕೊಂಡೆ. ಪಕ್ಕದಲ್ಲಿ ಮೂರು ಶಿಖರದ ಬೆಟ್ಟ, ಅದರೊಳಗೆ ಹಿಮದ ಹರಳು, ಈ ಗುರುತು ಇದ್ದರೆ ಕಾನೂನು ಅದನ್ನೂ ಒಪ್ಪುತ್ತದೆ. ಬೇಸಿಗೆಯ ಟೈರ್‌ನ ರಬ್ಬರು ಸುಮಾರು 7 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗಿ ಹಿಡಿತ ಬಿಡುತ್ತದೆ. ಆಲ್-ವೆದರ್ ರಬ್ಬರು ಚಳಿಯಲ್ಲೂ ಮೆತ್ತಗಿರುತ್ತದೆ. ಬಟನ್ ಮೇಲೆಲ್ಲ ಬ್ಲೇಡ್‌ನಲ್ಲಿ ಸೀಳಿದ ಹಾಗೆ ಸಣ್ಣ ಗೀರುಗಳಿರುತ್ತವೆ, ಹಿಮವನ್ನು ಕಚ್ಚಿ ಹಿಡಿಯುವುದು ಅವೇ.

ಈ ಟೈರ್ ಎಷ್ಟು ಬಾಳುತ್ತದೆ ಅಂತ ಊರಿನಲ್ಲಿ ಸುಮಾರು ಜನ ಕೇಳಿದ್ದಾರೆ. ಕಂಪನಿ ಕೊಡುವ ಅಂಕಿ ದೊಡ್ಡದೇ. ಮಿಶೆಲಿನ್ ಕ್ರಾಸ್‌ಕ್ಲೈಮೇಟ್ 2ಕ್ಕೆ ಅಮೆರಿಕದಲ್ಲಿ 60,000 ಮೈಲಿ ವಾರಂಟಿ ಇದೆ, ನಮ್ಮ ಲೆಕ್ಕದಲ್ಲಿ ಸುಮಾರು 96,000 ಕಿ.ಮೀ. ಭಾವನಿಗೆ ಇದನ್ನು ಹೇಳಿದಾಗ ಅವರ ಕಣ್ಣು ಅಗಲವಾಯಿತು. ಆದರೆ ಆ ಟೈರ್‌ಗೆ ಎರಡು ಆಯುಷ್ಯ ಇದೆ. ಹೊಸದರಲ್ಲಿ ಬಟನ್ ಆಳ ಹೆಚ್ಚು ಕಡಿಮೆ 8 ಮಿ.ಮೀ. ಕಾನೂನಿನ ಪ್ರಕಾರ 1.6 ಮಿ.ಮೀ. ತನಕ ಓಡಿಸಬಹುದು, ಇದು ನಮ್ಮ ದೇಶದಲ್ಲೂ ಅಷ್ಟೇ. ಹಿಮದ ವಿಷಯಕ್ಕೆ ಬಂದರೆ 4 ಮಿ.ಮೀ. ಹತ್ತಿರ ಬಂದ ಟೈರನ್ನು ನಂಬಬೇಡಿ ಅಂತ ಕೆನಡಾ ಸರ್ಕಾರದ ಸಾರಿಗೆ ಇಲಾಖೆಯೇ ಹೇಳುತ್ತದೆ, ಕ್ವಿಬೆಕ್‌ನವರು 4.8ಕ್ಕೇ ಬದಲಾಯಿಸಿ ಅನ್ನುತ್ತಾರೆ. ಅಂದರೆ ಅರ್ಧ ಸವೆದಾಗಲೇ ಚಳಿಗಾಲದ ಆಯುಷ್ಯ ಮುಗಿಯಿತು. ಉಳಿದ ಅರ್ಧ ಬೇಸಿಗೆಗೆ, ಮಳೆಗೆ. ಹಿಮದ ಮೇಲೆ ಓಡಿಸುವವರು ವಾರಂಟಿ ಕಾಗದದ ಅಂಕಿಯನ್ನು ನಂಬಿ ಕೂತರೆ ಕೆಟ್ಟರು.

ಜೊತೆಗೆ ಮೆತ್ತನೆಯ ರಬ್ಬರು ಬಿಸಿಲಲ್ಲಿ ಬೇಗ ಸವೆಯುತ್ತದೆ. ಜುಲೈನಲ್ಲಿ ಮಾಂಟ್ರಿಯಲ್ ಹೆದ್ದಾರಿ ಕಾದ ಕಾವಲಿಯಂತಿರುತ್ತದೆ, ಆಗ ಈ ಟೈರ್ ಸವೆಯುವುದು ಗೊತ್ತಾಗುತ್ತದೆ. ಗಾಳಿಯದ್ದೂ ಒಂದು ಕಾಟ. ತಾಪಮಾನ ಐದಾರು ಡಿಗ್ರಿ ಇಳಿದರೆ ಟೈರ್ ಒಳಗಿನ ಗಾಳಿಯ ಒತ್ತಡ ಒಂದು ಪಿಎಸ್‌ಐ ಇಳಿಯುತ್ತದೆ. ಅಕ್ಟೋಬರ್‌ನಲ್ಲಿ ತುಂಬಿದ ಗಾಳಿ ಜನವರಿಗೆ ಸಾಲುವುದೇ ಇಲ್ಲ. ಗಾಳಿ ಕಮ್ಮಿಯಾದ ಟೈರ್ ಎರಡೂ ಅಂಚಿನಲ್ಲಿ ಸವೆಯುತ್ತದೆ, ಜಾಸ್ತಿಯಾದರೆ ನಡುವೆ ಸವೆಯುತ್ತದೆ. ಮುಂದಿನ ಚಕ್ರಕ್ಕೇ ಎಂಜಿನ್ ಬಲ ಹೋಗುವ ಕಾರಿನಲ್ಲಿ ಎಳೆಯುವುದು, ತಿರುಗಿಸುವುದು, ಬ್ರೇಕ್‌ನ ಮುಕ್ಕಾಲು ಭಾರ ಹೊರುವುದು ಎಲ್ಲ ಮುಂದಿನ ಎರಡು ಟೈರ್‌ಗಳೇ. ಅದಕ್ಕೇ ಹತ್ತು ಸಾವಿರಕ್ಕೊಮ್ಮೆ ಹಿಂದು ಮುಂದು ಮಾಡಿಸಬೇಕು. ಮಾಡಿಸಿದ ರಸೀದಿ ಇಲ್ಲದಿದ್ದರೆ ವಾರಂಟಿ ಕೇಳಲು ಹೋಗುವುದು ದಂಡ.

ಹಾಗಂತ ಬೆಂಗಳೂರಿಗೆ ಆಲ್-ವೆದರ್ ಬೇಕೇ? ಹೊಸ ಎಸ್‌ಯುವಿ ತಗೊಂಡ ಗೆಳೆಯನೊಬ್ಬ ಆಸೆಯಿಂದ ಕೇಳಿದ, ಖಂಡಿತ ಬೇಡ ಅಂದೆ. ಡಿಸೆಂಬರ್ ಬಂದರೆ ನಮ್ಮವರು ಸ್ವೆಟರ್, ಮಂಕಿ ಕ್ಯಾಪ್ ತೆಗೆಯುತ್ತಾರೆ ನಿಜ. ಆದರೆ ಬೆಂಗಳೂರಿನ ದಾಖಲೆಯಲ್ಲಿ ಅತಿ ಕಡಿಮೆ ತಾಪಮಾನ 7.8 ಡಿಗ್ರಿ, ಅದೂ 1884ರ ಜನವರಿಯಲ್ಲಿ. ಬೇಸಿಗೆ ಟೈರ್ ಗಟ್ಟಿಯಾಗುವ ಆ 7 ಡಿಗ್ರಿಯನ್ನು ಈ ಊರು ಮುಟ್ಟಿಯೇ ಇಲ್ಲ. ಚಳಿಗಾಗಿ ಮೆತ್ತಗೆ ಮಾಡಿದ ರಬ್ಬರನ್ನು ಏಪ್ರಿಲ್ ಬಿಸಿಲಲ್ಲಿ ಹೊಸೂರು ರಸ್ತೆಯ ಮೇಲೆ ಸುಮ್ನೆ ಯಾಕೆ ಸವೆಸಬೇಕು?

ಇಲ್ಲಿಗೆ ಆ ಟೈರ್ ಬೇಡ, ಆ ನೋಡುವ ಅಭ್ಯಾಸ ಬೇಕು.

ಮೊದಲು ವಯಸ್ಸಿನ ವಿಷಯ. ಇಲ್ಲಿ ಎಷ್ಟೋ ಕಾರುಗಳು ಓಡುವುದಕ್ಕಿಂತ ನಿಲ್ಲುವುದೇ ಜಾಸ್ತಿ. ಮೆಟ್ರೋ ಬಂತು, ಮನೆಯಿಂದಲೇ ಕೆಲಸ ಬಂತು. ಕಾರು ಮದುವೆಗೆ, ದೇವಸ್ಥಾನಕ್ಕೆ, ವಿಮಾನ ನಿಲ್ದಾಣಕ್ಕೆ ಅಷ್ಟೇ. ಉಳಿದ ದಿನ ಮನೆ ಮುಂದೆ ಬಿಸಿಲಲ್ಲಿ ನಿಂತಿರುತ್ತದೆ. ರಬ್ಬರು ಓಡದಿದ್ದರೂ ಹಳತಾಗುತ್ತದೆ. ಬಿಸಿಲು, ಗಾಳಿಯಲ್ಲಿರುವ ಓಝೋನ್, ಶಾಖ ಎಲ್ಲ ಸೇರಿ ಅದನ್ನು ಒಣಗಿಸುತ್ತವೆ. ಬಟನ್ ಪೂರ್ತಿ ಇರುತ್ತದೆ, ರಬ್ಬರಿನ ಜೀವ ಹೋಗಿರುತ್ತದೆ. ಐದು ವರ್ಷ ಕಳೆದ ಮೇಲೆ ವರ್ಷಕ್ಕೊಮ್ಮೆ ತೋರಿಸಿ, ಹತ್ತು ವರ್ಷವಾದರೆ ಹೇಗಿದ್ದರೂ ತೆಗೆಯಿರಿ, ಸ್ಟೆಪ್ನಿಯನ್ನೂ ಸೇರಿಸಿ, ಅಂತ ಟೈರ್ ಕಂಪನಿಗಳೇ ಹೇಳುತ್ತವೆ. ಸ್ಟೆಪ್ನಿಯ ನಾಲ್ಕಂಕಿಯನ್ನು ಬೆಂಗಳೂರಿನಲ್ಲಿ ಓದಿದವರನ್ನು ನಾನಿನ್ನೂ ನೋಡಿಲ್ಲ. ಹೊಸ ಟೈರ್ ಕೊಳ್ಳುವಾಗಲೂ ಓದುವುದಿಲ್ಲ. ಅಂಗಡಿಯಲ್ಲಿ ಎರಡು ಮೂರು ವರ್ಷ ಕೂತ ಮಾಲು ಹೊಸದರ ಬೆಲೆಗೆ ಹೋಗುತ್ತದೆ, ಕೇಳುವವರಿಲ್ಲ.

ಇನ್ನು ಸವೆತ. ಇದರಲ್ಲಿ ನಮ್ಮ ರಸ್ತೆಗಳ ಪಾಲು ದೊಡ್ಡದು, ನನಗೆ ಸಿಟ್ಟು ಬರುವುದೂ ಇಲ್ಲೇ. ಗುಂಡಿ, ಕಿತ್ತ ಡಾಂಬರು, ಅಳತೆ ಇಲ್ಲದ ಹಂಪು, ಚೇಂಬರ್ ಮುಚ್ಚಳ ರಸ್ತೆಗಿಂತ ನಾಲ್ಕು ಬೆರಳು ಎತ್ತರ. ಒಂದೆರಡು ಸಲ ಜೋರಾಗಿ ಬಿದ್ದರೆ ಸಾಕು, ಅಲೈನ್‌ಮೆಂಟ್, ಅಂದರೆ ಚಕ್ರಗಳು ನಿಲ್ಲುವ ಕೋನ, ತಪ್ಪುತ್ತದೆ. ತಪ್ಪಿದ ಮೇಲೆ ಟೈರ್ ಒಂದೇ ಅಂಚಿನಲ್ಲಿ, ಬಹಳ ಸಲ ಒಳ ಅಂಚಿನಲ್ಲಿ, ಸವೆಯಲು ಶುರು. ಹೊರಗಿಂದ ನೋಡಿದರೆ ಚೆನ್ನಾಗಿಯೇ ಕಾಣುತ್ತದೆ. ಒಳಗೆ ತಂತಿ ಕಾಣುವಷ್ಟು ಹೋಗಿರುತ್ತದೆ. ಸ್ಟೀರಿಂಗನ್ನು ಪೂರ್ತಿ ಒಂದು ಕಡೆಗೆ ತಿರುಗಿಸಿ ಇಳಿದು ನೋಡಿದರೆ ಮುಂದಿನ ಟೈರ್‌ನ ಒಳ ಅಂಚು ಕಾಣುತ್ತದೆ. ಕೈ ಸವರಿದಾಗ ಒಂದು ದಿಕ್ಕಿಗೆ ನುಣುಪು, ಇನ್ನೊಂದು ದಿಕ್ಕಿಗೆ ಗರಗಸದ ಹಲ್ಲಿನಂತೆ ಚುಚ್ಚಿದರೆ ಅಲೈನ್‌ಮೆಂಟ್ ಹೋಗಿದೆ ಅಂತಲೇ. ಅಲ್ಲಲ್ಲಿ ತಗ್ಗು ಬಿದ್ದ ಹಾಗೆ ಸವೆದಿದ್ದರೆ ಶಾಕ್ ಅಬ್ಸಾರ್ಬರ್ ಅಥವಾ ಬ್ಯಾಲೆನ್ಸಿಂಗ್ ಕಡೆ ನೋಡಬೇಕು. ಇದಕ್ಕೆ ಯಂತ್ರ ಬೇಡ, ಎರಡು ನಿಮಿಷ ಸಾಕು. ಬಟನ್ ನಡುವಿನ ಗೆರೆಯಲ್ಲಿ ಅಡ್ಡಕ್ಕೆ ಸಣ್ಣ ದಿಬ್ಬ ಇರುತ್ತದೆ. ಬಟನ್ ಸವೆದು ಅದರ ಮಟ್ಟಕ್ಕೆ ಬಂತೆಂದರೆ 1.6 ಮಿ.ಮೀ. ಆಯಿತು, ಟೈರ್ ಮುಗಿಯಿತು. ಮಳೆಯಲ್ಲಿ ಓಡಿಸುವವರು ಅಲ್ಲಿಯ ತನಕ ಕಾಯಬಾರದು, 3 ಮಿ.ಮೀ. ಹತ್ತಿರವೇ ನೀರು ಸರಿಸುವ ಶಕ್ತಿ ಬಹಳ ಕುಗ್ಗಿರುತ್ತದೆ. ಹೆಬ್ಬಾಳ ಫ್ಲೈಓವರ್ ಕೆಳಗೆ ನೀರು ನಿಂತ ದಿನ ಬ್ರೇಕ್ ಒತ್ತಿದವರಿಗೆ ಇದು ಗೊತ್ತಿರುತ್ತದೆ.

ಆಯುಧ ಪೂಜೆಗೆ ನಾವು ಕಾರು ತೊಳೆದು, ನಾಲ್ಕೂ ಚಕ್ರಕ್ಕೆ ನಿಂಬೆಹಣ್ಣು ಇಡಲು ಹೇಗೂ ಬಗ್ಗುತ್ತೇವೆ. ಆಗ ಆ ನಾಲ್ಕಂಕಿಯನ್ನೂ ಓದಿ, ಬಿರುಕು ಇದೆಯಾ ಅಂತ ನೋಡಿದರೆ ವರ್ಷದ ತಪಾಸಣೆ ಅಲ್ಲೇ ಆಯಿತು. ನಾನಂತೂ ಅಕ್ಕನ ಮಗನಿಗೆ ಇದನ್ನು ತೋರಿಸಿಕೊಟ್ಟಿದ್ದೇನೆ. ಈಗ ಅಪಾರ್ಟ್‌ಮೆಂಟಿನ ಗೆಳೆಯರ ಕಾರುಗಳನ್ನೆಲ್ಲ ನೋಡಿ ವರ್ಷ ಹೇಳುತ್ತಾನಂತೆ.

ಇಷ್ಟೆಲ್ಲ ಬೈದ ಮೇಲೆ ಒಂದೆರಡು ಮಾತು ಒಪ್ಪಿಕೊಳ್ಳಲೇಬೇಕು. ಮಾಂಟ್ರಿಯಲ್‌ನಲ್ಲಿ ಮೊಳೆ ಚುಚ್ಚಿದರೆ ಹೆಸರು ಬರೆಸಿ ಗಂಟೆಗಟ್ಟಲೆ ಕಾಯಬೇಕು, ಅಂಚಿಗೆ ಸ್ವಲ್ಪ ಹತ್ತಿರ ಚುಚ್ಚಿದ್ದರೆ ಟೈರೇ ಬದಲಾಯಿಸಿ ಅನ್ನುತ್ತಾರೆ. ಬನಶಂಕರಿಯ ನಮ್ಮ ಪಂಕ್ಚರ್ ಅಂಗಡಿಯವರು ಕಾರಿನಿಂದ ಚಕ್ರ ಬಿಚ್ಚದೆಯೇ ಹತ್ತು ನಿಮಿಷದಲ್ಲಿ ಕಳಿಸುತ್ತಾರೆ. ಅವರು ಭಾವನ ಕಾರಿನ ಮುಂದಿನ ಟೈರ್ ಮೇಲೆ ಒಮ್ಮೆ ಅಂಗೈ ಆಡಿಸಿ "ಎಡಗಡೆ ಅಲೈನ್‌ಮೆಂಟ್ ಔಟ್ ಆಗಿದೆ ಸಾರ್" ಅಂದರು. ಆಮೇಲೆ ಕಂಪ್ಯೂಟರ್‌ಗೆ ಹಾಕಿಸಿದಾಗ ಅದೇ ಬಂತು. ಅಂಥ ಕೈ ನನಗೆ ಅಲ್ಲಿ ಸಿಕ್ಕಿಲ್ಲ. 4.8 ಮಿ.ಮೀ. ಉಳಿದ ಟೈರನ್ನು ತೆಗೆದು ರಾಶಿಗೆ ಹಾಕುವುದನ್ನು ನೋಡಿದಾಗ ನನಗೂ ಹೊಟ್ಟೆ ಉರಿಯುತ್ತದೆ. ಹಿಮ ಇಲ್ಲದ ಊರಲ್ಲಿ ಅದು ಇನ್ನೂ ಎಷ್ಟೋ ಓಡುತ್ತಿತ್ತು.

ದುಡ್ಡಿನ ಮಾತೂ ಇದೆ. ಭಾವ ನಿವೃತ್ತರು. ನಾಲ್ಕು ಟೈರ್ ಒಟ್ಟಿಗೆ ಅಂದರೆ ಅವರ ತಿಂಗಳ ಪಿಂಚಣಿಯಲ್ಲಿ ದೊಡ್ಡ ತುಂಡೇ ಹೋಗುತ್ತದೆ. ನನಗೆ ಅಲ್ಲಿ ಅಷ್ಟು ಭಾರ ಅನಿಸುವುದಿಲ್ಲ. ಇದು ಗೊತ್ತಿದ್ದೂ ನಾಲ್ಕನ್ನೂ ಇವತ್ತೇ ಬದಲಾಯಿಸಿ ಅಂತ ಎಲ್ಲರಿಗೂ ಹೇಳುವುದು ನ್ಯಾಯವಲ್ಲ. ಕೊನೆಗೆ ಭಾವ ಎರಡು ಹಾಕಿಸಲು ಒಪ್ಪಿದರು, ಉಳಿದೆರಡು ದೀಪಾವಳಿ ಹೊತ್ತಿಗೆ, ಅಲ್ಲಿಯ ತನಕ ಊರು ಬಿಟ್ಟು ಹೊರಗೆ ಓಡಿಸುವುದಿಲ್ಲ ಅಂತ ಮಾತಾಯಿತು. ಅಂಗಡಿಯಲ್ಲಿ ಹುಡುಗರು ರೂಢಿಯಂತೆ ಹೊಸ ಎರಡನ್ನು ಮುಂದಕ್ಕೆ ಹಾಕಲು ಹೊರಟರು, ಮುಂದಿನದೇ ಅಲ್ವಾ ಸಾರ್ ಎಳೆಯೋದು ಅಂತ. ನಾನು ತಡೆದೆ. ಎರಡೇ ಹೊಸದಾದರೆ ಅವು ಹಿಂದಕ್ಕೆ ಹೋಗಬೇಕು. ಮುಂದಿನ ಚಕ್ರ ಜಾರಿದರೆ ಕಾರು ನೇರ ಹೋಗುತ್ತದೆ, ವೇಗ ಇಳಿಸಿ ಹಿಡಿತಕ್ಕೆ ತರಬಹುದು. ಒದ್ದೆ ತಿರುವಿನಲ್ಲಿ ಹಿಂದಿನದು ಜಾರಿದರೆ ಕಾರೇ ಗಿರ್ರನೆ ತಿರುಗುತ್ತದೆ, ಆಗ ನಮ್ಮ ನಿಮ್ಮಂಥವರ ಕೈಗೆ ಅದು ಸಿಗುವುದಿಲ್ಲ. ಹುಡುಗರು ಒಪ್ಪಲಿಲ್ಲ, ಮಾಲೀಕರು ಬಂದು ನನ್ನ ಮುಖ ನೋಡಿ ಹಾಕಿಕೊಟ್ಟರು. ಈ ಒಂದು ವಿಷಯಕ್ಕೆ ಮುಂದಿನ ಸಲವೂ ಯಾವ ಅಂಗಡಿಯಲ್ಲಾದರೂ ನಿಂತು ವಾದ ಮಾಡುತ್ತೇನೆ.