ಗೊಂಬೆಯಾಟಕ್ಕೆ ಮೊದಲು ಕತ್ತಲು ಬೇಕು

ಆ ವರ್ಷ ಮಳೆ ಕೈಕೊಟ್ಟಿತ್ತು. ಕೊಪ್ಪಳ ಸೀಮೆಯ ನಮ್ಮೂರಿನ ಹಿರಿಯರು ಮನೆಮನೆಗೂ ಪಟ್ಟಿ ಹಾಕಿ, ಊರಾಚೆ ನೆಲೆಸಿದ್ದ, ತೊಗಲುಗೊಂಬೆ ಆಡಿಸುವ ಶಿಳ್ಳೇಕ್ಯಾತ ಸಮುದಾಯದ ಮೇಳದವರಿಂದ ಗೊಂಬೆಯಾಟ ಆಡಿಸಿದರು. ಗೊಂಬೆ ಆಡಿಸಿದರೆ ಮಳೆ ಬರುತ್ತದೆ ಎಂಬ ನಂಬಿಕೆ ನಮ್ಮ ಕಡೆ ಹಳೆಯದು. ನನಗಾಗ ಒಂಬತ್ತು ವರ್ಷ. ಹನುಮಪ್ಪನ ಗುಡಿಯ ಮುಂದೆ ಮೂರೂ ಕಡೆ ಕಂಬಳಿ ಮರೆಮಾಡಿ, ಎದುರಿಗೆ ಬಿಳಿ ಪರದೆ ಬಿಗಿದಿದ್ದರು. ಊರೆಲ್ಲ ಪರದೆಯ ಮುಂದೆ ಕುಳಿತಿದ್ದಾಗ ನಾನು ಮೆಲ್ಲಗೆ ಅದರ ಹಿಂದಕ್ಕೆ ಹೋದೆ.

ಅಲ್ಲಿ ಒಬ್ಬ ಅಜ್ಜಿ ಮಂಡಿಯೂರಿ ಕುಳಿತು ಸೀತೆಯನ್ನು ಹಿಡಿದಿದ್ದಳು. ತೊಗಲು ಹಳೆಯದಾಗಿ ತೆಳ್ಳಗಾಗಿತ್ತು. ದೀಪದ ಬೆಳಕು ಅದರೊಳಗಿಂದ ಜೇನಿನ ಬಣ್ಣದಲ್ಲಿ ಹಾದು ಬರುತ್ತಿತ್ತು. ಸೀತೆಯ ಮೊಣಕೈ ಹತ್ತಿರ ಹರಿದದ್ದನ್ನು ಕಪ್ಪು ದಾರದಿಂದ ಹೊಲಿದಿದ್ದರು. ಅಶೋಕವನದ ಅಳು ನಡೆದಿತ್ತು. ದೀಪಕ್ಕೆ ಎಣ್ಣೆ ತರಲು ಮೊಮ್ಮಗ ತಡಮಾಡಿದ. ಅಜ್ಜಿ ಅವನ ಕಡೆ ತಿರುಗಿ ಏನೋ ಗದರಿಸಿದಳು. ಅದರಲ್ಲಿ ಒಂದು ಮಾತೂ ನನಗೆ ತಿಳಿಯಲಿಲ್ಲ. ಮರುಗಳಿಗೆಯೇ ಪರದೆಗೆ ತಿರುಗಿ, ಮತ್ತೆ ಸೀತೆಯಾಗಿ, ಕನ್ನಡದಲ್ಲಿ ಅತ್ತಳು. ಪರದೆಯಾಚೆ ನನ್ನ ತಾಯಿ ಸೆರಗಿನಿಂದ ಕಣ್ಣೊರೆಸಿಕೊಂಡಿದ್ದನ್ನು ಆಮೇಲೆ ಮನೆಯಲ್ಲಿ ಹೇಳಿದಳು.

ಅವರ ಮನೆಮಾತು ಮರಾಠಿಯ ಒಂದು ಬಗೆ ಎಂದು ನನಗೆ ತಿಳಿದದ್ದು ಎಷ್ಟೋ ವರ್ಷಗಳ ನಂತರ. ನಮಗೆ ರಾಮಾಯಣವನ್ನು ಇಷ್ಟು ಹತ್ತಿರದಿಂದ ತೋರಿಸಿದವರು ಮನೆಯಲ್ಲಿ ಕನ್ನಡ ಆಡುತ್ತಿರಲಿಲ್ಲ.

ಎಣ್ಣೆ ತಂದ ಆ ಹುಡುಗ ನನ್ನ ತರಗತಿಯವನೇ. ಶಾಲೆಯಲ್ಲಿ ಅವನ ಉಚ್ಚಾರಣೆ ಕೇಳಿ ನಾವೆಲ್ಲ ನಗುತ್ತಿದ್ದೆವು, ನಾನೂ ನಕ್ಕಿದ್ದೇನೆ. ಅವನು ಹಿಂದಿನ ಸಾಲಿನಲ್ಲಿ ತಲೆ ತಗ್ಗಿಸಿ ಕುಳಿತಿರುತ್ತಿದ್ದ. ಆ ರಾತ್ರಿ ಅದೇ ಹುಡುಗ ಆಟದ ಹಾಸ್ಯಗೊಂಬೆ ಕಿಳ್ಳೇಕ್ಯಾತನ ಹೆಂಡತಿ ಬಂಗಾರಕ್ಕನಿಗೆ ದನಿ ಕೊಟ್ಟು ಇಡೀ ಊರನ್ನು ಬಿದ್ದು ಬಿದ್ದು ನಗುವಂತೆ ಮಾಡಿದ. ಗೌಡರನ್ನೂ ಬಿಡಲಿಲ್ಲ, ಶಾನುಭೋಗರನ್ನೂ ಬಿಡಲಿಲ್ಲ. ಎರಡು ದಿನ ಬಿಟ್ಟು ಶಾಲೆಗೆ ಬಂದಾಗ ಮತ್ತೆ ಮೂಕ. ಇಂಥ ಮಾತುಗಾರ ನಮ್ಮ ನಡುವೆಯೇ ಇದ್ದಾನೆ ಎಂಬುದು ಮೇಷ್ಟ್ರಿಗೂ ಹೊಳೆಯಲಿಲ್ಲ, ನಮಗೂ ಹೊಳೆಯಲಿಲ್ಲ.

ಜನಪದ ಕಲೆ ಸಮುದಾಯಗಳ ನಡುವಿನ ಸೇತುವೆ ಎಂಬ ಮಾತನ್ನು ಉದ್ಘಾಟನಾ ಭಾಷಣಗಳಲ್ಲಿ ಕೇಳಿದಾಗಲೆಲ್ಲ ನನಗೆ ಆ ಹುಡುಗ ನೆನಪಾಗುತ್ತಾನೆ. ಸೇತುವೆ ಇದ್ದದ್ದು ನಿಜ. ಆದರೆ ಅದರ ಮೇಲೆ ನಡೆದು ಬಂದವರು ಅವರು ಮಾತ್ರ. ನಾವು ಈ ದಡ ಬಿಟ್ಟು ಕದಲಲಿಲ್ಲ.

ಸಂಡೂರು ತಾಲ್ಲೂಕಿನ ದರೋಜಿಯ ಬುರ್ರಕಥಾ ಈರಮ್ಮನವರನ್ನೇ ನೋಡಿ. ಬುಡ್ಗಜಂಗಮ ಅಲೆಮಾರಿ ಸಮುದಾಯದವರು, ಮನೆಮಾತು ತೆಲುಗು, ಅಕ್ಷರ ಕಲಿತವರಲ್ಲ. ಆದರೆ ಕನ್ನಡದಲ್ಲಿ ರಾತ್ರಿಗಟ್ಟಲೆ ಹಾಡುವ ಹಲವು ಮಹಾಕಾವ್ಯಗಳು ಅವರ ನಾಲಿಗೆಯ ಮೇಲಿದ್ದವು. ನಮ್ಮ ಕುಮ್ಮಟದುರ್ಗದ ಕುಮಾರರಾಮನನ್ನು ಅವರು ಹಾಡಿದರು. ಕನ್ನಡ ನಾಡಿನ ವೀರನನ್ನು ತೆಲುಗು ಮನೆಮಾತಿನ ಹೆಣ್ಣುಮಗಳೊಬ್ಬಳು ಕನ್ನಡಿಗರಿಗೆ ಕಾಪಾಡಿಕೊಟ್ಟಳು. ಹಂಪಿಯ ಕನ್ನಡ ವಿಶ್ವವಿದ್ಯಾಲಯ ಅವರಿಗೆ ನಾಡೋಜ ಗೌರವ ನೀಡಿತು. ಅವರು 2014ರಲ್ಲಿ ತೀರಿಕೊಂಡರು. ನಮ್ಮಲ್ಲಿ ಎಷ್ಟು ಜನ ಬುಡ್ಗಜಂಗಮರ ಹಟ್ಟಿಗೆ ಹೋಗಿ ಅವರ ಮನೆಯಲ್ಲಿ ಕುಳಿತು ಒಂದು ಲೋಟ ಚಹಾ ಕುಡಿದಿದ್ದೇವೆ?

ಎರಡೂ ದಡದವರು ನಡೆದು ನಡುವೆ ಭೇಟಿಯಾದದ್ದನ್ನು ನೋಡಬೇಕಾದರೆ ಮೊಹರಂಗೆ ರಾಯಚೂರು ಜಿಲ್ಲೆಯ ಮುದಗಲ್ಲಿಗೆ ಹೋಗಬೇಕು. ಪಂಜಾ ರೂಪದ ಅಲಾಯಿ ದೇವರು ಹೊರಡುವ ರಾತ್ರಿ ಜನಜಂಗುಳಿಯಲ್ಲಿ ಯಾರು ಯಾವ ಜಾತಿ ಎಂದು ಕೇಳುವ ಹೊತ್ತು ಯಾರಿಗೂ ಇರುವುದಿಲ್ಲ. ಪ್ರವಾದಿಯವರ ಮೊಮ್ಮಕ್ಕಳಾದ ಹಸೇನ್ ಹುಸೇನರಿಗೆ ಹರಕೆ ಹೊತ್ತ ಹಿಂದೂಗಳು ಸಕ್ಕರೆ ಓದಿಸುತ್ತಾರೆ, ಬೆಂಕಿಯ ಅಲಾಯಿ ಕುಣಿಯ ಸುತ್ತ ಹೆಜ್ಜೆ ಹಾಕುತ್ತಾರೆ. ನಮ್ಮ ಭಾಗದ ಹಳ್ಳಿಗಳಲ್ಲಿ ಕರ್ಬಲಾದ ಕಥೆಯನ್ನು ರಿವಾಯತ್ ಪದವಾಗಿ ಕನ್ನಡದಲ್ಲೇ ಹಾಡುತ್ತಾರೆ. ದೂರದ ಇಂದಿನ ಇರಾಕಿನಲ್ಲಿ ಕ್ರಿ.ಶ. 680ರಲ್ಲಿ ನಡೆದ ಯುದ್ಧ ಎರೆಹೊಲದ ರೈತನಿಗೆ ಏಕೆ ಇಷ್ಟು ನಾಟಿತು? ಯೂಫ್ರೆಟಿಸ್ ಪಕ್ಕದಲ್ಲೇ ಹರಿಯುತ್ತಿದ್ದರೂ ಹುಸೇನರ ಕಡೆಯ ಮಕ್ಕಳಿಗೆ ಕುಡಿಯಲು ನೀರು ಸಿಗಲಿಲ್ಲ. ಒಂದು ಕಡೆ ಕೃಷ್ಣೆ, ಇನ್ನೊಂದು ಕಡೆ ತುಂಗಭದ್ರೆ, ನಡುವೆ ಕೊಡ ಹಿಡಿದು ಮೈಲುಗಟ್ಟಲೆ ನಡೆದವರು ನಾವು. ಆ ಬಾಯಾರಿಕೆ ಏನೆಂಬುದನ್ನು ನಮಗೆ ಬಿಡಿಸಿ ಹೇಳಬೇಕಾಗಿಲ್ಲ.

ಕೊಪ್ಪಳ ತಾಲ್ಲೂಕಿನ ಮೊರನಾಳದ ತೊಗಲುಗೊಂಬೆ ಕಲಾವಿದೆ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ತೊಂಬತ್ತಾರರ ವಯಸ್ಸಿನಲ್ಲಿ ಪದ್ಮಶ್ರೀ ಬಂದ ಸುದ್ದಿ ಓದಿ ನಾನು ನಿಜಕ್ಕೂ ಕುಣಿದಾಡಿದೆ. ಇಡೀ ಜಿಲ್ಲೆಯೇ ಹಿಗ್ಗಿತು. ಆದರೆ ಪ್ರಶಸ್ತಿಯಾಚೆ ನಾವು ಈ ಕಲಾವಿದರನ್ನು ನಡೆಸಿಕೊಳ್ಳುವ ಬಗೆ ನನಗೆ ಸಂಕಟ ತರುತ್ತದೆ. ಹೋದ ವರ್ಷ ಒಂದು ಕಾರ್ಯಕ್ರಮದಲ್ಲಿ ಕುಳಿತಿದ್ದೆ. ಭಾಷಣಗಳು ಎರಡು ಗಂಟೆ, ಗೊಂಬೆಯಾಟಕ್ಕೆ ಕೊಟ್ಟದ್ದು ಹತ್ತು ನಿಮಿಷ. ವೇದಿಕೆಯ ದೀಪಗಳನ್ನು ಪೂರ್ತಿ ಆರಿಸಲೂ ಇಲ್ಲ. ಪರದೆಯ ಮೇಲೆ ಹನುಮಂತ ಸಮುದ್ರ ಹಾರುವ ಹೊತ್ತಿಗೆ ಚೀಟಿ ಬಂತು, ಮುಗಿಸಿ ಎಂದು. ಅರ್ಧ ಸಮುದ್ರದಲ್ಲೇ ಹನುಮಂತನನ್ನು ಇಳಿಸಿ, ಶಾಲು ಹೊದಿಸಿ ಕಳಿಸಿದರು.

ಹತ್ತು ನಿಮಿಷದಲ್ಲಿ ಚಪ್ಪಾಳೆ ಹೊಡೆಯಬಹುದು, ಅಷ್ಟೆ. ಬೆಳಗಿನವರೆಗೆ ಒಂದೇ ಚಾಪೆಯ ಮೇಲೆ ಕುಳಿತು, ನಡುರಾತ್ರಿ ಮಂಡಕ್ಕಿ ಹಂಚಿಕೊಂಡು, ಮಕ್ಕಳು ಯಾರದೋ ತೊಡೆಯ ಮೇಲೆ ನಿದ್ದೆ ಹೋದಾಗ ಆಗುವ ಒಡನಾಟವೇ ಬೇರೆ. ಕಲಾವಿದರಿಗೆ ಸರಿಯಾದ ಸಂಭಾವನೆ ಕೊಟ್ಟು ಇಡೀ ರಾತ್ರಿ ಆಡಿಸಿ. ಮರುದಿನ ಅವರನ್ನು ಶಾಲೆಗೆ ಕರೆದು, ಹಿಂದಿನ ಸಾಲಿನ ಮಕ್ಕಳಿಗೂ ಒಂದೊಂದು ಗೊಂಬೆ ಹಿಡಿಯಲು ಕೊಡಿ. ಅವರ ಮನೆಮಾತಿನಲ್ಲಿ ಒಂದು ಹಾಡು ಹಾಡಲು ಹೇಳಿ; ಅರ್ಥವಾಗದಿದ್ದರೂ ಕೇಳೋಣ.

ಈ ಸಲ ನಮ್ಮೂರಿನಲ್ಲಿ ಅದನ್ನು ಮಾಡಬೇಕೆಂದು ನಾವು ಹತ್ತಾರು ಮಂದಿ ಸೇರಿ ಪಟ್ಟಿ ಹಾಕಿದ್ದೇವೆ. ಕಳೆದ ವಾರ ಮೇಳದ ಹಿರಿಯರ ಮನೆಗೆ ಹೋಗಿದ್ದೆವು. ನೆಲದ ಮೇಲೆ ಕುಳಿತು ಚಹಾ ಕುಡಿದು, ಏನೇನು ವ್ಯವಸ್ಥೆ ಬೇಕು ಎಂದು ಕೇಳಿದೆವು. ಅವರು ಸ್ವಲ್ಪ ಯೋಚಿಸಿ, “ಊಟ, ಹಾಸಿಗೆ ಹೇಗೋ ಆಗುತ್ತದೆ ತಮ್ಮಾ. ಗುಡಿಯ ಮುಂದಿನ ಆ ದೊಡ್ಡ ದೀಪ ಒಂದು ರಾತ್ರಿ ಆರಿಸುತ್ತೀರಾ?” ಎಂದರು.

ಹೈಮಾಸ್ಟ್ ದೀಪ ಬಂದು ಎಷ್ಟೋ ವರ್ಷವಾಯಿತು, ನಮಗೆ ಯಾರಿಗೂ ಅದು ಹೊಳೆದಿರಲಿಲ್ಲ. ಆರಿಸುತ್ತೇವೆ ಎಂದು ಮಾತು ಕೊಟ್ಟು ಬಂದಿದ್ದೇವೆ. ಸೋಮವಾರ ಪಂಚಾಯಿತಿಗೆ ಅರ್ಜಿ ಕೊಡಬೇಕು.