ರಾತ್ರಿ ಒಂದು ಗಂಟೆಯ ಊಟ: ಬೇಕೋ, ಬೇಡವೋ?

ಪರ: ಉಂಡೇ ದುಡಿಯಬೇಕು

ಹೊಸೂರಿನ ಸಿಪ್ಕಾಟ್ ಕೈಗಾರಿಕಾ ಪ್ರದೇಶಕ್ಕೆ ಥರ್ಡ್ ಶಿಫ್ಟಿಗೆ, ಅಂದರೆ ರಾತ್ರಿ ಪಾಳಿಗೆ, ಬರುವವರೆಲ್ಲ ಹೊಸೂರಿನವರಲ್ಲ. ತಳಿ, ಕೆಲಮಂಗಲ, ಡೆಂಕಣಿಕೋಟೆ ಕಡೆಯವರು ಏಳೂವರೆಗೇ ಮುದ್ದೆ ಉಂಡು ಬಸ್ಸಿಗೆ ಕಾಯುತ್ತಾರೆ. ಬೆಳಗ್ಗೆ ಮನೆ ಸೇರುವುದು ಎಂಟೂವರೆಗೆ. ನಡುವೆ ಹದಿಮೂರು ಗಂಟೆ. ಆಸರೆ ಎಂದರೆ ಕ್ಯಾಂಟೀನಿನ ರಾತ್ರಿ ಒಂದು ಗಂಟೆಯ ಊಟ. ಏಕಾದಶಿ ಮಾಡುವವರೂ ಉಪವಾಸದ ದಿನ ಪ್ರೆಸ್ ಮೆಷಿನ್ ಮುಂದೆ ನಿಲ್ಲುವುದಿಲ್ಲ!

ರಾತ್ರಿ ತಿನ್ನಬೇಡಿ ಎನ್ನುವವರು 2021ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಪ್ರಯೋಗವೊಂದನ್ನು ಮುಂದಿಡುತ್ತಾರೆ: ರಾತ್ರಿ ಉಂಡರೆ ರಕ್ತದಲ್ಲಿ ಸಕ್ಕರೆ ಏರುತ್ತದೆ ಎನ್ನುತ್ತದೆ ಅದು. ಅದರಲ್ಲಿದ್ದವರು 19 ಜನ, ಎಲ್ಲ ಆರೋಗ್ಯವಂತ ಯುವಕ ಯುವತಿಯರು, 14 ದಿನ ಲ್ಯಾಬಿನಲ್ಲಿದ್ದವರು. ನಲವತ್ತೈದು ದಾಟಿದ, ಮೊಣಕಾಲು ನೋವಿನ, ಓವರ್‌ಟೈಮ್ ಬಿಡಲಾಗದ ಫಿಟ್ಟರ್ ಒಬ್ಬನೂ ಅಲ್ಲಿರಲಿಲ್ಲ. ಪ್ರಯೋಗ ಸುಳ್ಳೆಂದು ನಾನು ಹೇಳುತ್ತಿಲ್ಲ. ಆದರೆ ನಮ್ಮ ಲೈನಿಗೆ ಅದನ್ನು ಹಾಗೇ ತಂದು ಹಾಕಲಾಗದು.

ನಿಜವಾದ ಅಪಾಯ ಬೇರೆ ಕಡೆ ಇದೆ. ಶುಗರಿಗೆ ಗ್ಲಿಮಿಪಿರೈಡ್ ಮಾತ್ರೆ ನುಂಗುವವರು, ಇನ್ಸುಲಿನ್ ಚುಚ್ಚಿಕೊಳ್ಳುವವರು ನಮ್ಮಲ್ಲಿದ್ದಾರೆ. ಅವರು ಊಟ ಬಿಟ್ಟರೆ ಶುಗರ್ ಪಾತಾಳಕ್ಕೆ ಇಳಿದೀತು. ಬೆವರು, ಕೈನಡುಕ, ಕಣ್ಣುಕತ್ತಲೆ. ಮುಂದೆ ತಿರುಗುವ ಯಂತ್ರ. ಬೆರಳು ಹೋದಮೇಲೆ ಗ್ಲೂಕೋಸ್ ಲೆಕ್ಕ ಯಾರಿಗೆ ಬೇಕು?

ಇನ್ನೊಂದು ಸಂಶಯ, ಹೇಳಿಬಿಡುತ್ತೇನೆ. 250ಕ್ಕಿಂತ ಹೆಚ್ಚು ಜನ ದುಡಿಯುವ ಕಡೆ ಕ್ಯಾಂಟೀನ್ ಇರಬೇಕೆಂಬ ಮಾತು 1948ರ ಕಾರ್ಖಾನೆ ಕಾಯ್ದೆಯಲ್ಲಿ ಬಂತು. 'ರಾತ್ರಿ ಊಟ ಆರೋಗ್ಯಕ್ಕೆ ಕೆಟ್ಟದ್ದು' ಎಂಬ ಬೋರ್ಡು ಬಿದ್ದ ಮರುದಿನವೇ ಒಲೆ ಆರುತ್ತದೆ. ಉಳಿದ ದುಡ್ಡು ನಮ್ಮ ಸಂಬಳಕ್ಕೆ ಬರುತ್ತದೆ ಎಂದು ನಂಬುವಷ್ಟು ಮುಗ್ಧನಲ್ಲ ನಾನು.

ವಿರೋಧ: ಆ ಹೊತ್ತಿನ ಅನ್ನ ಬೇಡ

ಹನ್ನೊಂದು ವರ್ಷ ಆ ಊಟ ಉಂಡವನು ನಾನು. ತಟ್ಟೆ ತುಂಬ ಬಿಳಿ ಅನ್ನ, ಸಾಂಬಾರು, ಅಪ್ಪಳ. ಮೂರೂವರೆಗೆ ಬಜ್ಜಿ, ಸಕ್ಕರೆ ಜಾಸ್ತಿ ಟೀ. ಹಸಿವಿಗಿಂತ ನಿದ್ದೆ ಓಡಿಸಲು ತಿನ್ನುತ್ತಿದ್ದೆ ಎಂದು ಈಗ ಅನ್ನಿಸುತ್ತದೆ. ಈಗ ಮಾತ್ರೆ ನುಂಗುತ್ತಿದ್ದೇನೆ. ತಪ್ಪೆಲ್ಲ ಅನ್ನದ್ದೇ ಎನ್ನಲಾರೆ, ನಮ್ಮಪ್ಪನಿಗೂ ಶುಗರ್ ಇತ್ತು.

ಕತ್ತಲಾದಮೇಲೆ ಮೈಯಲ್ಲಿ ಮೆಲಟೋನಿನ್ ಎಂಬ ಹಾರ್ಮೋನು ಏರುತ್ತದೆ. ಅದು ನಿದ್ದೆಗೆ ಕರೆಯುವುದರ ಜೊತೆಗೆ ಮೇದೋಜೀರಕ ಗ್ರಂಥಿ ಇನ್ಸುಲಿನ್ ಬಿಡುವುದನ್ನೂ ತಗ್ಗಿಸುತ್ತದೆ. ಮಧ್ಯಾಹ್ನ ಒಂದಕ್ಕೆ ಉಂಡ ಅನ್ನವನ್ನೇ ರಾತ್ರಿ ಒಂದಕ್ಕೆ ಉಂಡರೆ ರಕ್ತದಲ್ಲಿ ಸಕ್ಕರೆ ಹೆಚ್ಚು ಏರುತ್ತದೆ, ಹೆಚ್ಚು ಹೊತ್ತು ನಿಲ್ಲುತ್ತದೆ.

ಪರದವರು ತಳ್ಳಿಹಾಕಿದ ಆ 19 ಜನರ ಪ್ರಯೋಗವನ್ನು ಇನ್ನೊಮ್ಮೆ ನೋಡಿ. ಎರಡೂ ಗುಂಪಿನವರು ರಾತ್ರಿ ಎಚ್ಚರವಿದ್ದರು, ಹಗಲು ಮಲಗಿದರು. ಬೇರೆಯಾಗಿದ್ದದ್ದು ಊಟದ ಹೊತ್ತು ಮಾತ್ರ. ರಾತ್ರಿಯೂ ತಿಂದವರ ಗ್ಲೂಕೋಸ್ ಸರಾಸರಿ ಶೇ. 6.4ರಷ್ಟು ಏರಿತು, ಹಗಲಷ್ಟೇ ತಿಂದವರಲ್ಲಿ ಗಣನೀಯ ಏರಿಕೆ ಇಲ್ಲ. ಜನ ಕಡಿಮೆ, ನಿಜ. ಆದರೆ ನಮ್ಮ ಪಾಲಿಗೆ ಶಿಫ್ಟ್ ಬದಲಿಸುವ ಅಧಿಕಾರವಿಲ್ಲ. ತಟ್ಟೆಯ ಹೊತ್ತು ನಮ್ಮ ಕೈಯಲ್ಲಿದೆ.

ಜನ ಹೆಚ್ಚು ಬೇಕೆಂದರೆ, 2011ರಲ್ಲಿ ಬಂದ ಅಮೆರಿಕದ ನರ್ಸ್‌ಗಳ ಲೆಕ್ಕವಿದೆ: ಸುಮಾರು 1.77 ಲಕ್ಷ ಮಂದಿ. ತಿಂಗಳಿಗೆ ಮೂರು ರಾತ್ರಿಯಾದರೂ ಪಾಳಿ ಮಾಡಿ 20 ವರ್ಷ ದಾಟಿದವರಲ್ಲಿ ಮಧುಮೇಹದ ಸಾಧ್ಯತೆ, ರಾತ್ರಿ ಪಾಳಿಯೇ ಮಾಡದವರಿಗಿಂತ ಶೇ. 58ರಷ್ಟು ಹೆಚ್ಚು. ತೂಕದ ಪಾಲು ಕಳೆದರೆ ಅದು ಶೇ. 24ಕ್ಕೆ ಇಳಿಯುತ್ತದೆ. ಅಂದರೆ ರಾತ್ರಿ ಪಾಳಿ ಅರ್ಧದಾರಿ ಮೈತೂಕದ ಮೂಲಕವೇ ಕಾಡುತ್ತದೆ.

ಮಾತ್ರೆಯವರ ವಿಷಯದಲ್ಲಿ ಪರದವರ ಮಾತು ಪೂರ್ತಿ ಸರಿ. ಡಾಕ್ಟರ ಹತ್ತಿರ ಕೂತು ಮಾತ್ರೆಯ ಹೊತ್ತು ಬದಲಿಸಿಕೊಳ್ಳದೆ ಯಾರೂ ಊಟ ಬಿಡಬಾರದು. ಒಲೆ ಆರಿಸಿ ಎಂದೂ ನಾನು ಹೇಳುತ್ತಿಲ್ಲ. ಅದೇ ಒಲೆಯಲ್ಲಿ ಮೊಟ್ಟೆ, ಕಡಲೆಕಾಯಿ ಬೇಯಿಸಲಿ, ಜೊತೆಗೆ ಮಜ್ಜಿಗೆ ಇಡಲಿ. ಮನೆ ಬಿಡುವ ಮುಂಚೆ ಮುದ್ದೆಗೆ ಹುರುಳಿ ಸಾರು ಹಾಕಿಕೊಂಡು ಹೊಟ್ಟೆ ತುಂಬ ಉಂಡರೆ, ನಡುರಾತ್ರಿಗೆ ಅಷ್ಟು ಸಾಕು. ನನಗೆ ಮೊದಲ ವಾರ ತಲೆ ಸುತ್ತಿದಂತಾಯಿತು, ಎರಡನೆಯ ವಾರ ಆಗಲಿಲ್ಲ.

"ಬುಧವಾರ ಬಿರಿಯಾನಿ ಹಾಕ್ತಾರಲ್ಲ ಭಾವ, ಆವತ್ತೇನ್ ಮಾಡ್ತೀರಾ?" ಎಂದು ನನ್ನ ಬಾಮೈದ ಕೇಳಿದ. ಬುಧವಾರ ನಾನೂ ಸಾಲಲ್ಲಿ ನಿಲ್ಲುತ್ತೇನೆ, ಅರ್ಧ ಪ್ಲೇಟಿಗೆ.