ಮುಟ್ಟಿದರೆ ಮುನಿ

"ಈಗಿನ ಮಕ್ಕಳು ಮುಟ್ಟಿದರೆ ಮುನಿ ಸಾರ್. ಏನಂದ್ರೂ ತಾಗುತ್ತೆ."

ಕಳೆದ ವಾರ ನಮ್ಮ ಸ್ಟಾಫ್ ರೂಮಿನಲ್ಲಿ ಬಂದ ಮಾತಿದು. ಹೇಳಿದವರು ನನಗಿಂತ ಹಿರಿಯರು. ಒಳ್ಳೆಯ ಮೇಷ್ಟ್ರು. ಫೀಸು ಕಟ್ಟಲಾಗದ ಹುಡುಗರಿಗೆ ಎಷ್ಟೋ ಸಲ ತಮ್ಮ ಜೇಬಿನಿಂದ ಕೊಟ್ಟವರು. ಹಾಗಾಗಿ ವಾದಕ್ಕಿಳಿಯಲು ಮನಸ್ಸಾಗಲಿಲ್ಲ. ನಾನು ಜೀವಶಾಸ್ತ್ರ ಪಾಠ ಮಾಡುವವನು, ಗಿಡದ ಪರವಾಗಿ ಮಾತ್ರ ಒಂದು ಮಾತು ಆಡಿದೆ. "ಸಾರ್, ಮುಟ್ಟಿದರೆ ಮುನಿ ಸುಮ್ನೆ ಮುನಿಸಿಕೊಳ್ಳಲ್ಲ. ದನ ಬಾಯಿ ಹಾಕಿದಾಗ ಎಲೆ ಮುದುಡಿದರೆ ಮುಳ್ಳು ಕಾಣುತ್ತೆ. ಅದು ಬದುಕೋ ಉಪಾಯ ಅಂತಾರೆ." ಎಲ್ಲರೂ ನಕ್ಕರು. ಟೀ ಬಂತು. ಮಾತು ಡಿಎ ಕಡೆ ಹೊರಳಿತು.

ಆದರೆ ಆ ಮಾತು ಹುಟ್ಟಲು ಕಾರಣ ನಾನೇ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಅವತ್ತು ಬೆಳಿಗ್ಗೆ ಎರಡನೇ ಪಿಯು ಕ್ಲಾಸಿಗೆ ಆಫೀಸಿನಿಂದ ಒಂದು ಪಟ್ಟಿ ಕಳಿಸಿದ್ದರು. ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಸ್ಕಾಲರ್‌ಶಿಪ್‌ಗೆ ಇನ್ನೂ ಅರ್ಜಿ ಹಾಕದವರು, ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗದವರು. ಇಪ್ಪತ್ತಾರು ವರ್ಷದಿಂದ ಏನು ಮಾಡುತ್ತಿದ್ದೆನೋ ಅದನ್ನೇ ಮಾಡಿದೆ. "ಎಸ್ಸಿ, ಎಸ್ಟಿಯವರು ಎದ್ದು ನಿಲ್ರಪ್ಪ" ಅಂದೆ. ಹದಿನಾಲ್ಕು ಮಕ್ಕಳು ಎದ್ದರು. ಒಬ್ಬೊಬ್ಬರದೇ ಹೆಸರು ಕೂಗಿ, ಜಾತಿ ಪ್ರಮಾಣಪತ್ರ ಇದೆಯಾ, ಅದರ ಮೇಲಿನ ಆರ್‌ಡಿ ನಂಬರು ಸರಿ ಇದೆಯಾ ಅಂತ ಕೇಳಿದೆ. ಐದಾರು ನಿಮಿಷ ಹಿಡಿಯಿತು. ಉಳಿದವರು ಕೂತು ನೋಡುತ್ತಿದ್ದರು.

ಬೆಲ್ ಆದಮೇಲೆ ಎದ್ದು ನಿಂತವರಲ್ಲಿ ಒಬ್ಬಳು ಕಾರಿಡಾರಿನಲ್ಲಿ ಹಿಂದೆ ಬಂದಳು.

"ಸಾರ್, ಬೇಜಾರು ಮಾಡ್ಕೋಬೇಡಿ. ರಿಜಿಸ್ಟರ್ ನಂಬರ್ ಓದಿ, ಇವರೆಲ್ಲ ಆಫೀಸಿಗೆ ಹೋಗಿ ಅಂದ್ರೆ ಸಾಕಾಗಲ್ವಾ? ಎಲ್ಲರ ಮುಂದೆ ಯಾಕೆ ಎದ್ದು ನಿಲ್ಲಿಸ್ತೀರಿ?"

"ಅದರಲ್ಲಿ ಅವಮಾನ ಏನಮ್ಮ? ನಿಮ್ಮ ಹಕ್ಕು ತಾನೆ" ಅಂದೆ.

"ಹಕ್ಕು ಅಂದ್ಮೇಲೆ ಕೂತ್ಕೊಂಡೇ ತಗೋಬಹುದಲ್ವಾ ಸಾರ್" ಅಂದಳು. ದನಿ ಜೋರಿರಲಿಲ್ಲ. ನಮಸ್ಕಾರ ಹೇಳಿಯೇ ಹೋದಳು.

ನಿಜ ಹೇಳುತ್ತೇನೆ, ನನಗೆ ಮೊದಲು ಬಂದದ್ದು ಸಿಟ್ಟು. ಸರ್ಕಾರದ ದುಡ್ಡು ಈ ಮಕ್ಕಳ ಕೈ ತಪ್ಪದಿರಲಿ ಅಂತ ನಾನು ಒದ್ದಾಡಿದರೆ, ನನಗೇ ಪಾಠ ಹೇಳುತ್ತಾಳಲ್ಲ ಅಂತ. ಸೀದಾ ಸ್ಟಾಫ್ ರೂಮಿಗೆ ಹೋಗಿ ದೂರು ಹೇಳಿಕೊಂಡೆ. ಆಗ ಬಂತು, ಮುಟ್ಟಿದರೆ ಮುನಿ ಅನ್ನುವ ಮಾತು.

ಮನೆಗೆ ಬಂದಮೇಲೆ ಒಂದು ವಿಷಯ ತಲೆಯಲ್ಲಿ ಕೊರೆಯತೊಡಗಿತು. ಆ ಪೋರ್ಟಲ್‌ನಲ್ಲಿ ಒಬಿಸಿ ಮಕ್ಕಳಿಗೂ ಸ್ಕಾಲರ್‌ಶಿಪ್ ಇದೆ. ನಮ್ಮ ಕ್ಲಾಸಿನಲ್ಲಿ ಅವರೇ ಜಾಸ್ತಿ. ಅವರನ್ನು ನಾನು ಯಾವತ್ತೂ ಹೀಗೆ ಎದ್ದು ನಿಲ್ಲಿಸಿಲ್ಲ. ಯಾಕೆ? ಯೋಚಿಸಿಯೇ ಇರಲಿಲ್ಲ. ನಾನು ಈ ಕೆಲಸಕ್ಕೆ ಸೇರಿದಾಗ ಹಿರಿಯರೊಬ್ಬರು ಹಾಗೆ ಮಾಡುತ್ತಿದ್ದರು. ಅದನ್ನೇ ನಾನೂ ಮುಂದುವರಿಸಿದ್ದೆ, ಅಷ್ಟೇ.

ಇನ್ನು, ಸೂಕ್ಷ್ಮ ಯಾರು ಅನ್ನುವ ಪ್ರಶ್ನೆ. ಕಾಲೇಜು ವಾರ್ಷಿಕೋತ್ಸವದ ಆಹ್ವಾನ ಪತ್ರಿಕೆಯಲ್ಲಿ ಹೆಸರು ಸೀನಿಯಾರಿಟಿ ಪ್ರಕಾರ ಬಂದಿಲ್ಲ ಅಂತ ಒಂದು ವಾರ ಮಾತು ಬಿಟ್ಟವರನ್ನು ನಾನು ನೋಡಿದ್ದೇನೆ. ಹೆಸರಿನ ಮುಂದಿನ 'ಡಾ.' ಬಿಟ್ಟುಹೋಯಿತು ಅಂತ ಕಾರ್ಡನ್ನು ಮತ್ತೆ ಪ್ರಿಂಟ್ ಹಾಕಿಸಿದ್ದನ್ನೂ ನೋಡಿದ್ದೇನೆ. ಹಳೆಯ ವಿದ್ಯಾರ್ಥಿ ಬೈಕಿನಿಂದ ಇಳಿಯದೆ ನಮಸ್ಕಾರ ಹೇಳಿದ, ಕಾಲ ಮೇಲೆ ಕಾಲು ಹಾಕಿ ಕೂತ, ವೇದಿಕೆಯಲ್ಲಿ ಶಾಲು ಹೊದಿಸುವಾಗ ನನ್ನ ಹೆಸರು ಮರೆತ... ಇವೆಲ್ಲ ನಮಗೆ ತಾಗುತ್ತವೆ. ಚೆನ್ನಾಗಿಯೇ ತಾಗುತ್ತವೆ. ನಮ್ಮದಾದರೆ ಅದು ಮರ್ಯಾದೆಯ ಪ್ರಶ್ನೆ. ಮಕ್ಕಳದಾದರೆ 'ಓವರ್ ಸೆನ್ಸಿಟಿವ್'.

"ನಮ್ಮ ಕಾಲದಲ್ಲಿ ಹೀಗಿರಲಿಲ್ಲ. ಮೇಷ್ಟ್ರು ಹೊಡೆದರು ಅಂತ ಮನೇಲಿ ಹೇಳಿದ್ರೆ ಅಪ್ಪ ಇನ್ನೆರಡು ಕೊಡೋರು." ಈ ಮಾತನ್ನು ನಾನೂ ನೂರು ಸಲ ಹೇಳಿದ್ದೇನೆ, ಹೆಮ್ಮೆಯಿಂದ. ಛಡಿ ಛಂ ಛಂ, ವಿದ್ಯೆ ಘಂ ಘಂ. ಹುಣಸೆ ಬರಲು, ಗೆಣ್ಣಿನ ಮೇಲೆ ಸ್ಕೇಲಿನ ಏಟು, ಬಿಸಿಲಲ್ಲಿ ಮಂಡಿಯೂರಿಸುವುದು. ನಮ್ಮ ತಾತನ ಕಾಲದ ಕೂಲಿಮಠಗಳಲ್ಲಿ ಕೋದಂಡ ಹಾಕುತ್ತಿದ್ದರು, ಹುಡುಗನನ್ನು ತೊಲೆಗೆ ನೇತುಹಾಕುವುದು. ಆದರೆ ಆ ಮಾತನ್ನು ಇನ್ನೊಂದು ಸಲ ಓದಿ ನೋಡಿ. ಅದರಲ್ಲಿ ನಮಗೆ ನೋವಾಗಲಿಲ್ಲ ಅಂತ ಎಲ್ಲಿದೆ? ಹೇಳಿಕೊಳ್ಳಲು ಯಾರೂ ಇರಲಿಲ್ಲ ಅಂತ ಮಾತ್ರ ಇದೆ.

ಎರಡು ವರ್ಷದ ಹಿಂದೆ ನಮ್ಮ 1988ರ ಎಸ್ಸೆಸ್ಸೆಲ್ಸಿ ಬ್ಯಾಚಿನವರು ಗುರುವಂದನೆ ಇಟ್ಟುಕೊಂಡಿದ್ದೆವು. ಈಗ ಊರೂರಿನಲ್ಲೂ ನಡೆಯುತ್ತದಲ್ಲ, ಹಾಗೆಯೇ. ವಾಟ್ಸಾಪ್ ಗ್ರೂಪ್, ಚಂದಾ, ಮೈಸೂರು ಪೇಟ, ಹಣ್ಣಿನ ಬುಟ್ಟಿ. ನನ್ನ ಗೆಳೆಯನೊಬ್ಬನನ್ನು ಕರೆಯುವ ಕೆಲಸ ನನ್ನ ಪಾಲಿಗೆ ಬಂತು. ಅವನಿಗೆ ಸಣ್ಣವನಿದ್ದಾಗ ಉಗ್ಗು ಇತ್ತು. ನಮ್ಮ ಮೇಷ್ಟ್ರೊಬ್ಬರು ವಾರಕ್ಕೊಮ್ಮೆ ಅವನನ್ನು ಎಬ್ಬಿಸಿ ಪದ್ಯ ಓದಿಸುತ್ತಿದ್ದರು. ಅವನು ತಡವರಿಸಿದರೆ ತಾವೂ ಹಾಗೇ ಉಗ್ಗಿ ತೋರಿಸುತ್ತಿದ್ದರು. ಇಡೀ ಕ್ಲಾಸು ನಗುತ್ತಿತ್ತು. ನಾನೂ ನಗುತ್ತಿದ್ದೆ. ಒಂಬತ್ತನೇ ಕ್ಲಾಸಿನ ಅರ್ಧಕ್ಕೇ ಅವನು ಸ್ಕೂಲು ಬಿಟ್ಟ. ಮನೆಯಲ್ಲಿ ಕಷ್ಟ ಅಂತ ಎಲ್ಲರೂ ಅಂದುಕೊಂಡೆವು. ಈಗ ನಮ್ಮೂರಲ್ಲೇ ಶಾಮಿಯಾನ, ಕುರ್ಚಿ, ಅಡುಗೆ ಪಾತ್ರೆ ಬಾಡಿಗೆಗೆ ಕೊಡುತ್ತಾನೆ. ಚೆನ್ನಾಗಿದ್ದಾನೆ.

"ಅವರೂ ಬರ್ತಾರಾ?" ಅಂತ ಕೇಳಿದ.

"ಬರ್ತಾರೆ ಕಣೋ. ಎಂಬತ್ತು ದಾಟಿದೆ. ಮಗ ಕರ್ಕೊಂಡ್ ಬರ್ತಾನಂತೆ."

ಸ್ವಲ್ಪ ಹೊತ್ತು ಸುಮ್ಮನಿದ್ದ. "ಶಾಮಿಯಾನ ನಾನೇ ಹಾಕಿಸ್ತೀನಿ. ದುಡ್ಡು ಬೇಡ. ನಾನು ಮಾತ್ರ ಬರಲ್ಲ."

ಅವನ ಹುಡುಗರು ಬಂದು ಶಾಮಿಯಾನ ಹಾಕಿ ಹೋದರು. ಅದರ ನೆರಳಲ್ಲೇ ನಿಂತು ನಾನು ಮೈಕ್ ಹಿಡಿದು, "ಅವತ್ತಿನ ಏಟು, ಬೈಗುಳಗಳೇ ನಮ್ಮನ್ನು ತಿದ್ದಿದವು" ಅಂತ ಭಾಷಣ ಮಾಡಿದೆ. ಜೋರು ಚಪ್ಪಾಳೆ ಬಿತ್ತು. ಇದನ್ನು ಬರೆಯುವಾಗಲೂ ಕಿವಿ ಬಿಸಿಯಾಗುತ್ತದೆ.

ಏಟು ತಿಂದೇ ಗಟ್ಟಿಯಾದೆವು ಅನ್ನುವವರೆಲ್ಲ ಉಳಿದುಕೊಂಡವರು. ಸ್ಕೂಲು ಬಿಟ್ಟವರು ಸ್ಟಾಫ್ ರೂಮಿಗೆ ಬಂದು ತಮ್ಮ ಕಡೆಯ ಮಾತು ಹೇಳುವುದಿಲ್ಲವಲ್ಲ. ಉಳಿದುಕೊಂಡವರೂ ಮರೆತಿರುತ್ತಾರೆ ಅಂತೇನಿಲ್ಲ. ಅಂಬೇಡ್ಕರ್ ಅವರಿಗಿಂತ ಗಟ್ಟಿ ವಿದ್ಯಾರ್ಥಿಯನ್ನು ಈ ದೇಶ ಕಂಡಿದೆಯೇ? ಕ್ಲಾಸಿನಲ್ಲಿ ತಾವು ಬೇರೆಯಾಗಿ ಕೂರಬೇಕಿದ್ದ ಗೋಣಿತಟ್ಟು, ಅದನ್ನು ಶಾಲೆಯ ಆಳು ಮುಟ್ಟುವುದಿಲ್ಲ ಅಂತ ಸಂಜೆ ಮನೆಗೆ ಹೊತ್ತು ತಂದು ಬೆಳಿಗ್ಗೆ ಮತ್ತೆ ಒಯ್ಯುತ್ತಿದ್ದದ್ದು, ಜವಾನ ನಲ್ಲಿ ತಿರುಗಿಸದಿದ್ದರೆ ನೀರೇ ಇಲ್ಲದಿದ್ದದ್ದು, ಇದನ್ನೆಲ್ಲ ಅವರು ದಶಕಗಳ ನಂತರವೂ ಒಂದೊಂದಾಗಿ ನೆನೆದು ಬರೆದರು. ಅಷ್ಟೆಲ್ಲ ಡಿಗ್ರಿ ಬಂದಮೇಲೂ. ಅವರಿಗೆ 'ಓವರ್ ಸೆನ್ಸಿಟಿವ್' ಅನ್ನುವ ಧೈರ್ಯ ನಮ್ಮಲ್ಲಿ ಯಾರಿಗಿದೆ?

ಇನ್ನೊಂದು ಸಣ್ಣ ಲೆಕ್ಕ. 2009ರ ಶಿಕ್ಷಣ ಹಕ್ಕು ಕಾಯ್ದೆ ಜಾರಿಗೆ ಬಂದದ್ದು 2010ರ ಏಪ್ರಿಲ್ 1ಕ್ಕೆ. ಅದರ 17ನೇ ಸೆಕ್ಷನ್ ಮಗುವಿಗೆ ಹೊಡೆಯಬಾರದು ಅಂತಷ್ಟೇ ಹೇಳುವುದಿಲ್ಲ. ಮಾನಸಿಕ ಕಿರುಕುಳವನ್ನೂ ಕೊಡಬಾರದು ಅನ್ನುತ್ತದೆ. ಆ ಕಾಯ್ದೆ ಹದಿನಾಲ್ಕು ವಯಸ್ಸಿನವರೆಗಿನ ಮಕ್ಕಳದು, ಪಿಯುಗೆ ಬರುವುದಿಲ್ಲ ಅನ್ನುವುದು ನನಗೆ ಗೊತ್ತು. ಆದರೆ ಇವತ್ತು ನನ್ನ ಎದುರು ಕೂತಿರುವವರೆಲ್ಲ ಅದು ಬಂದಮೇಲೆ ಒಂದನೇ ಕ್ಲಾಸು ಸೇರಿದವರು. ಈಗಲೂ ಕೆಲವು ಕಡೆ ಹೊಡೆತ ನಿಂತಿಲ್ಲ, ನಿಜ. ಆದರೂ 'ನಿನ್ನನ್ನು ಅವಮಾನ ಮಾಡುವುದು ತಪ್ಪು' ಅಂತ ದೇಶವೇ ಆ ಮಕ್ಕಳಿಗೆ ಮೊದಲ ದಿನದಿಂದ ಹೇಳಿದೆ. ಅವರು ನಂಬಿದ್ದಾರೆ. ಈಗ ಅವರು ಅದನ್ನೇ ಬಾಯಿಬಿಟ್ಟು ಕೇಳಿದರೆ ನಮಗೆ ಆಶ್ಚರ್ಯ! ಕಾಲೇಜುಗಳ ಹಾಸ್ಟೆಲುಗಳಲ್ಲಿ ರ‍್ಯಾಗಿಂಗ್ ಕೂಡ ನಮ್ಮ ಕಾಲಕ್ಕೆ ಬರೀ ತಮಾಷೆಯೇ ಆಗಿತ್ತು. 2009ರಲ್ಲಿ ಹಿಮಾಚಲದ ಮೆಡಿಕಲ್ ವಿದ್ಯಾರ್ಥಿ ಅಮನ್ ಕಾಚ್ರೂ ರ‍್ಯಾಗಿಂಗ್‌ಗೆ ಸಿಕ್ಕಿ ಸತ್ತ ವರ್ಷವೇ ಯುಜಿಸಿ ಬಿಗಿ ನಿಯಮ ತಂದದ್ದು. ಅಲ್ಲಿಯವರೆಗೆ ದೂರು ಕೊಟ್ಟವನಿಗೆ 'ಹೆಂಗಸಿನ ಥರ ಅಳ್ತಾನೆ' ಅನ್ನುತ್ತಿದ್ದೆವು.

ಹಾಗಂತ ಮಕ್ಕಳು ಮಾಡಿದ್ದೆಲ್ಲ ಸರಿ ಅಂತ ನಾನು ಒಪ್ಪುವುದಿಲ್ಲ. ಹೋದ ವರ್ಷ ಒಬ್ಬ ಹುಡುಗ ಪ್ರಾಕ್ಟಿಕಲ್ ರೆಕಾರ್ಡಿನಲ್ಲಿ ಹೂವಿನ ಉದ್ದಸೀಳಿಕೆಯ ಚಿತ್ರ ಬರೆದಿದ್ದ. ಭಾಗಗಳ ಹೆಸರು ಪೂರ್ತಿ ಅದಲುಬದಲು. ಕೆಂಪು ಪೆನ್ನಿನಲ್ಲಿ ಗೀಟು ಹಾಕಿ 'ಮತ್ತೆ ಬರೆ' ಅಂತ ಬರೆದೆ. ಅಷ್ಟೇ ಮಾಡಿದ್ದು. ರಾತ್ರಿ ಒಂಬತ್ತೂವರೆಗೆ ಅವರಪ್ಪನ ಫೋನು. "ಸಾರ್, ಮಗ ಊಟ ಮಾಡಿಲ್ಲ. ಕೆಂಪು ಇಂಕಿನಲ್ಲಿ ಗೀಟು ಹಾಕೋ ಅವಶ್ಯಕತೆ ಇತ್ತಾ?" ಇತ್ತು ಅಂದೆ. ನಾಳೆ ಬೆಳಿಗ್ಗೆ ತಿಂಡಿ ತಿಂದು ಬಂದು ಮತ್ತೆ ಬರೆಯಲಿ ಅಂದೆ. ಬರೆದ, ಚೆನ್ನಾಗಿಯೇ ಬರೆದ. ಚಿತ್ರ ತಪ್ಪಿದ್ದರೆ ತಪ್ಪು ಅನ್ನುವುದಕ್ಕೆ ನಾನು ಯಾವತ್ತೂ ಕ್ಷಮೆ ಕೇಳಲಾರೆ. ಕೆಲಸ ಸರಿಯಿಲ್ಲ ಅನ್ನುವುದು ಬೇರೆ. ನಿನ್ನ ಜಾತಿ, ನಿನ್ನ ಬಣ್ಣ, ನಿನ್ನ ಮಾತು, ನಿಮ್ಮಪ್ಪನ ಕೆಲಸ ಇವನ್ನು ಹಿಡಿದು ಆಡುವುದು ಬೇರೆ. ಕಷ್ಟ ಏನೆಂದರೆ, ನಾವು ಎರಡನ್ನೂ ಒಂದೇ ಉಸಿರಿನಲ್ಲಿ ಆಡುತ್ತೇವೆ. "ಇದೂ ಬರಲ್ವಾ? ಹೋಗಿ ದನ ಕಾಯಿ" ಅನ್ನುತ್ತೇವೆ. ದನ ಕಾಯುವವರ ಮಗಳು ಎರಡನೇ ಬೆಂಚಿನಲ್ಲೇ ಕೂತಿರುತ್ತಾಳೆ.

ಆ ಹುಡುಗನಿಗೆ ಒಂದು ಕೆಂಪು ಗೀಟು ಯಾಕೆ ಅಷ್ಟು ತಾಗಿತು? ಇದರಲ್ಲಿ ನಮ್ಮ ಪಾಲು ದೊಡ್ಡದು. ಎಸ್ಸೆಸ್ಸೆಲ್ಸಿ ರಿಸಲ್ಟ್ ಬಂದ ಮರುದಿನ ನಮ್ಮೂರ ಸರ್ಕಲ್ ನೋಡಬೇಕು. ಗಣಪತಿ ಹಬ್ಬಕ್ಕೂ ಅಷ್ಟು ಫ್ಲೆಕ್ಸ್ ಇರುವುದಿಲ್ಲ. 625ಕ್ಕೆ 621, 625ಕ್ಕೆ 618, ಪಾಸ್‌ಪೋರ್ಟ್ ಫೋಟೋದ ಸಾಲುಸಾಲು. 600 ತೆಗೆದ ಹುಡುಗಿಯ ಫೋಟೋ ಅಲ್ಲಿಲ್ಲ. ಅವಳು ಮನೆಯಲ್ಲಿ ಅಳುತ್ತಿರುತ್ತಾಳೆ. ಮೂರು ವರ್ಷದ ಮಗುವಿಗೂ ಮೂರು ಸ್ಟಾರ್ ಕೊಟ್ಟು ಬೆಳೆಸಿದವರು ನಾವು. ಹದಿನೇಳಕ್ಕೆ ಒಂದು ಸ್ಟಾರ್ ಕಡಿಮೆಯಾದರೆ ಕುಸಿಯುತ್ತಾರೆ ಅಂತ ಗೊಣಗುವವರೂ ನಾವೇ.

ಈ ಕುಸಿತ ತಮಾಷೆಯ ವಿಷಯ ಅಲ್ಲ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಲೆಕ್ಕದಲ್ಲಿ 2022ರಲ್ಲಿ ಈ ದೇಶದಲ್ಲಿ ಆತ್ಮಹತ್ಯೆ ಮಾಡಿಕೊಂಡ ವಿದ್ಯಾರ್ಥಿಗಳು 13,044. ಎಲ್ಲಕ್ಕೂ ಮಾರ್ಕ್ಸೇ ಕಾರಣ ಅಲ್ಲ, ಒಬ್ಬೊಬ್ಬರದು ಒಂದೊಂದು ಕಥೆ. ಆದರೆ ಆ ಸಂಖ್ಯೆ ನೋಡಿದಮೇಲೂ 'ಈಗಿನವರು ವೀಕು' ಅಂತ ಟೀ ಹೀರಲು ನನ್ನಿಂದ ಆಗುವುದಿಲ್ಲ. ನೂರು ಅಥವಾ ಅದಕ್ಕಿಂತ ಹೆಚ್ಚು ಮಕ್ಕಳಿರುವ ಸಂಸ್ಥೆಯಲ್ಲಿ ತರಬೇತಿ ಪಡೆದ ಒಬ್ಬ ಕೌನ್ಸೆಲರ್ ಇರಲೇಬೇಕು ಅಂತ 2025ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ನಮ್ಮಲ್ಲೂ 'ಆಪ್ತ ಸಮಾಲೋಚಕರು' ಅಂತ ಒಂದು ಬೋರ್ಡಿದೆ. ಅದರ ಕೆಳಗಿರುವ ಹೆಸರು ನನ್ನದು! ನಾನು ಕಪ್ಪೆ, ಜಿರಲೆ ಸೀಳಿದವನು. ಮನಸ್ಸಿನ ಬಗ್ಗೆ ನನಗಿರುವ ತರಬೇತಿ ಅಂದರೆ ಒಂದು ದಿನದ ಕಾರ್ಯಾಗಾರ, ಅದರಲ್ಲೂ ಊಟವಾದ ಮೇಲೆ ನಿದ್ದೆ. ಆ ಬೋರ್ಡಿನ ಪಕ್ಕ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ನಂಬರನ್ನು ದೊಡ್ಡದಾಗಿ ಬರೆಸಿದ್ದೇನೆ. ಅಲ್ಲಿ ಕನ್ನಡದಲ್ಲೂ ಮಾತಾಡುತ್ತಾರೆ, ದುಡ್ಡು ಕೊಡಬೇಕಿಲ್ಲ. ಸದ್ಯಕ್ಕೆ ನನ್ನ ಕೈಲಾದದ್ದು ಇಷ್ಟು.

ಸೋಮವಾರ ಆಫೀಸಿನಿಂದ ಮತ್ತೆ ಪಟ್ಟಿ ಬಂತು. ಈ ಸಲ ಎಲ್ಲ ವರ್ಗದವರದೂ ಸೇರಿಸಿ ಬರೀ ರಿಜಿಸ್ಟರ್ ನಂಬರಿನ ಕೊನೆಯ ಮೂರು ಅಂಕೆ ಓದಿದೆ. "ಈ ನಂಬರಿನವರು ಬಿಡುವಾದಾಗ ಆಫೀಸಿಗೆ ಹೋಗಿ" ಅಂದೆ. ಒಂದು ನಿಮಿಷವೂ ಹಿಡಿಯಲಿಲ್ಲ. ಆ ಹುಡುಗಿ ತಲೆ ಎತ್ತಿ ನೋಡಲಿಲ್ಲ. ನೋಟ್ಸ್ ಬರೆದುಕೊಳ್ಳುತ್ತಿದ್ದಳು.

ಮಧ್ಯಾಹ್ನ ಸ್ಟಾಫ್ ರೂಮಿನಲ್ಲಿ ಹಿರಿಯರು ಕೇಳಿದರು. "ಏನ್ಸಾರ್, ನಂಬರ್ ಓದ್ತಿದ್ರಂತೆ? ಇಲಾಖೆಯಿಂದ ಹೊಸ ಸರ್ಕ್ಯುಲರ್ ಏನಾದ್ರೂ ಬಂತಾ?"

"ಇಲ್ಲ, ಹೀಗೆ ಬೇಗ ಆಗುತ್ತೆ ಸಾರ್" ಅಂದೆ. ಒಬ್ಬ ಹುಡುಗಿ ಹೇಳಿದ್ದಕ್ಕೆ ಬದಲಾಯಿಸಿದೆ ಅನ್ನಲು ಯಾಕೋ ಬಾಯಿ ಬರಲಿಲ್ಲ.